ಅಮೂರ್ತ ಚಿತ್ರದ ಮುಂದೆ ನಿಂತು ಏನು ಮಾಡಬೇಕು?

ಕಲಾವಿದರೇ ಸೇರಿ ನಡೆಸುವ ಗ್ಯಾಲರಿಯಲ್ಲಿ ಒಬ್ಬರದೇ ಅಮೂರ್ತ ಚಿತ್ರಗಳ (ಗುರುತು ಹಿಡಿಯುವಂಥ ವಸ್ತು, ಮನುಷ್ಯರಿಲ್ಲದೆ ಬರೀ ಬಣ್ಣ, ಆಕಾರ ಇರುವಂಥವು) ಪ್ರದರ್ಶನ, ಗೆಳತಿ ಕರೆದಿದ್ದಾಳೆ, ಚಿತ್ರಕಲೆಯ ತಲೆಬುಡ ಗೊತ್ತಿಲ್ಲ, ಹೋಗಿ ಪೆಚ್ಚುಮೋರೆ ಹಾಕಿಕೊಂಡು ನಿಲ್ಲಬೇಕಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನೂ ಬಣ್ಣ ಹಚ್ಚುವವನೇ, ಇಂಥದೇ ಒಂದು ಗ್ಯಾಲರಿಯಲ್ಲಿ ನನ್ನ ಪಾಳಿ ಬಂದಾಗ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂರುತ್ತೇನೆ.

ಬಂದವರಲ್ಲಿ ಜಾಸ್ತಿ ಜನ ಮಾಡುವುದು ಒಂದೇ ಕೆಲಸ. ಇದು ಬೆಟ್ಟ ಇರಬೇಕು, ಅದು ಯಾರದೋ ಬೆನ್ನು ಅಲ್ವಾ, ಅಂತ ಹುಡುಕುವುದು. ಅದನ್ನು ಬಿಡಿ. ಒಬ್ಬರದೇ ಪ್ರದರ್ಶನದಲ್ಲಿ ಒಂದು ಅನುಕೂಲ ಇದೆ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಮೊದಲು ಎಲ್ಲೂ ನಿಲ್ಲದೆ ಸುಮ್ನೆ ಒಂದು ಸುತ್ತು ಹಾಕಿ. ಯಾವ ಬಣ್ಣ ಮತ್ತೆ ಮತ್ತೆ ಬರುತ್ತಿದೆ, ಎಲ್ಲ ಚಿತ್ರದಲ್ಲೂ ಕಣ್ಣಿಗೆ ಭಾರ ಅನ್ನಿಸುವ ಭಾಗ ಕೆಳಗೇ ಕೂತಿದೆಯಾ, ಯಾವುದೋ ಒಂದು ಮಾತ್ರ ಗುಂಪಿಗೆ ಸೇರದೆ ನಿಂತಿದೆಯಾ? ಆ ಸೇರದ ಚಿತ್ರದ ಹತ್ತಿರ ಹೋಗಿ.

ಹತ್ತಿರ ಅಂದರೆ ನಿಜವಾಗಿಯೂ ಹತ್ತಿರ. ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರೋತ್ಕೊ ತಮ್ಮ ದೊಡ್ಡ ಕ್ಯಾನ್ವಾಸುಗಳನ್ನು ಒಂದೂವರೆ ಅಡಿ ದೂರದಿಂದ ನೋಡಿ ಅನ್ನುತ್ತಿದ್ದರಂತೆ. ಮುಟ್ಟಬೇಡಿ, ಅಷ್ಟೇ. ಆಮೇಲೆ ಪಕ್ಕಕ್ಕೆ ಬಂದು ಕ್ಯಾನ್ವಾಸಿನ ಅಂಚು ನೋಡಿ, ಮಡಚಿ ಮರದ ಪಟ್ಟಿಗೆ ಹೊಡೆದಿರುತ್ತಾರಲ್ಲ, ಆ ಜಾಗ. ಕೆಲವೊಮ್ಮೆ ಮುಂದೆಲ್ಲ ಬರೀ ಬೂದಿ ಬಣ್ಣ ಇದ್ದರೂ ಅಂಚಿನಲ್ಲಿ ಕೆಂಪು ಸೋರಿ ಒಣಗಿರುತ್ತದೆ, ಅದರ ಕೆಳಗೆ ಒಂಚೂರು ಹಳದಿ. ಅಂದರೆ ಈ ಬೂದಿಯ ಅಡಿಯಲ್ಲಿ ಒಂದು ಕೆಂಪು ಚಿತ್ರ ಇತ್ತು, ಬರೆದವರು ಅದನ್ನು ಮುಚ್ಚಿದ್ದಾರೆ. ಈಗ ಮತ್ತೆ ಎದುರಿಗೆ ನಿಂತರೆ ಆ ಬೂದಿ ಯಾಕೆ ಅಷ್ಟು ಬೆಚ್ಚಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ. ನಮ್ಮ ದೇಶದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯ್ತೊಂಡೆ ರೋಲರ್ ಮತ್ತು ಪ್ಯಾಲೆಟ್ ಚಾಕು (ಬಣ್ಣ ಕಲಸುವ, ಹಚ್ಚುವ ಚಪ್ಪಟೆ ಅಲಗು) ಹಿಡಿದು ಹೀಗೆ ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚುತ್ತಿದ್ದರು. (‘ನನ್ನ ಮಗನೂ ಬರೆಯುತ್ತಾನೆ’ ಅನ್ನುವವರನ್ನು ನಾನು ಅಂಚು ತೋರಿಸಲು ಕರೆದೊಯ್ಯುತ್ತೇನೆ. ಕೆಲವರು ಆಮೇಲೂ ಅದನ್ನೇ ಹೇಳುತ್ತಾರೆ, ಇರಲಿ.)

ಇನ್ನು ಗ್ಯಾಲರಿ. ವ್ಯಾಪಾರಿ ಗ್ಯಾಲರಿಗಳು ಮಾರಿದ ಬೆಲೆಯಲ್ಲಿ ಅರ್ಧದಷ್ಟು ಇಟ್ಟುಕೊಳ್ಳುವುದು ಮಾಮೂಲು. ಅವರು ಒಳಗೆ ಬಿಟ್ಟುಕೊಳ್ಳದವರು, ಆ ಲೆಕ್ಕ ಒಪ್ಪದವರು ತಾವೇ ಜಾಗ ಹಿಡಿಯುತ್ತಾರೆ. 1972ರಲ್ಲಿ ನ್ಯೂಯಾರ್ಕಿನಲ್ಲಿ ಎ.ಐ.ಆರ್. ಗ್ಯಾಲರಿಯನ್ನು ಕಲಾವಿದೆಯರೇ ಕೈಜೋಡಿಸಿ ಶುರುಮಾಡಿದ್ದು ಹಾಗೆಯೇ. ಇಂಥ ಕಡೆ ಮೇಜಿನ ಹಿಂದೆ ಕೂತವರೂ ಚಿತ್ರ ಬರೆಯುವವರೇ ಆಗಿರುವುದು ಜಾಸ್ತಿ, ಕೊಳ್ಳಿ ಅಂತ ಬೆನ್ನು ಬೀಳುವುದಿಲ್ಲ. ಅವರನ್ನು ಮಾತಾಡಿಸಿ. ಆದರೆ ‘ಇದರ ಅರ್ಥ ಏನು’ ಅಂತ ಕೇಳಿದರೆ ತಡವರಿಸುತ್ತಾರೆ. ‘ಇಲ್ಲಿಗೆ ಮುಗಿಯಿತು ಅಂತ ಹೇಗೆ ಗೊತ್ತಾಯಿತು’ ಅಂತ ಕೇಳಿ ನೋಡಿ, ಮಾತು ನಿಲ್ಲುವುದಿಲ್ಲ.

ಉದ್ಘಾಟನೆಯ ಸಂಜೆಗೇ ಗೆಳತಿ ಕರೆದಿದ್ದರೆ ಹೋಗಿ ಬನ್ನಿ, ಆದರೆ ಅವತ್ತು ಕಾಣುವುದು ಬರೀ ಜನರ ಬೆನ್ನು. ಚಿತ್ರ ನೋಡಲು ಇನ್ನೊಂದು ದಿನ ಮಧ್ಯಾಹ್ನ ಒಬ್ಬರೇ ಹೋಗಿ.