ತೀರಿಹೋದ ಮಗುವಿಗೆ ಸಲ್ಲಬೇಕಾದ ನ್ಯಾಯ

ಮಾನ್ಯರೇ,

ಪೆರ್ಲದಿಂದ ನೀವು ಬರೆದ ಕಾಗದ ತಲುಪಿದೆ. ನ್ಯಾಯವನ್ನು ಪರಲೋಕದ ಲೆಕ್ಕಕ್ಕೆ ಬರೆದಿಡುವುದೆಂದರೆ ಈ ಲೋಕದ ಹೊಣೆಗಾರರಿಗೆ ಅನುಕೂಲ ಮಾಡಿಕೊಟ್ಟಂತೆ ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದೆ. ಅದಕ್ಕೆ ಉತ್ತರವಾಗಿ ನೀವು ನಿಮ್ಮ ಅಣ್ಣನ ಮಗಳ ವಿಷಯವನ್ನು ಮುಂದಿಟ್ಟಿದ್ದೀರಿ. ಹುಟ್ಟಿದಂದಿನಿಂದ ಚಾಪೆ ಬಿಟ್ಟು ಏಳದ, ಕತ್ತು ನಿಲ್ಲದ, ಮಾತು ಬಾರದ ಆ ಹುಡುಗಿ ಪರಿಹಾರದ ಹಣ ಬರುವ ಮೊದಲೇ ತೀರಿಹೋದಳು. “ಬದುಕಿರುವವರಿಗೆ ನೀವು ಕೋರ್ಟನ್ನು ತೋರಿಸಬಹುದು, ಅವಳಿಗೆ ಏನನ್ನು ತೋರಿಸುತ್ತೀರಿ? ಪರಲೋಕ ಇಲ್ಲವೆಂದಾದರೆ ಅವಳ ಪಾಲಿನ ನ್ಯಾಯ ಎಲ್ಲಿದೆ?” ಎಂಬುದು ನಿಮ್ಮ ಪ್ರಶ್ನೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವಂಥದ್ದು ಇದಲ್ಲ.

ಬೇರೆ ಊರಿನ ಓದುಗರಿಗಾಗಿ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ತೋಟಗಳಿದ್ದದ್ದು ಗುಡ್ಡೆಯ ನೆತ್ತಿಯಲ್ಲಿ, ಮನೆಗಳಿದ್ದದ್ದು ಬುಡದಲ್ಲಿ. ಮೇಲೆ ಬಿದ್ದದ್ದು ತೋಡಿಗೂ, ಕುಡಿಯುವ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗೂ ಇಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ 13ರಂದು ಅದೇ ಕೋರ್ಟು ಲೆಕ್ಕ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಕೋರ್ಟಿನ ಮೆಟ್ಟಲು ಹತ್ತಿದವರು. ಮೂರು ತಿಂಗಳಿಗೂ ಐದು ವರ್ಷಕ್ಕೂ ನಡುವಿನ ಆ ಅವಧಿಯಲ್ಲಿ ತೀರಿಕೊಂಡವರ ಪೈಕಿ ನಿಮ್ಮ ಅಣ್ಣನ ಮಗಳೂ ಒಬ್ಬಳು.

ನಿಮ್ಮ ವಾದಕ್ಕೆ ತತ್ತ್ವಶಾಸ್ತ್ರದಲ್ಲಿ ದೊಡ್ಡ ಬೆಂಬಲವಿದೆ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1788ರಲ್ಲಿ ಇದನ್ನೇ ಬೇರೊಂದು ರೀತಿಯಲ್ಲಿ ಹೇಳಿದ: ಒಳ್ಳೆಯವನಿಗೆ ಒಳ್ಳೆಯದೇ ಆಗುತ್ತದೆಂಬ ಭರವಸೆ ಈ ಜಗತ್ತಿನಲ್ಲಿಲ್ಲ, ಆದರೂ ನಮ್ಮ ನೈತಿಕ ಬುದ್ಧಿ ಅವೆರಡೂ ಕೂಡಬೇಕೆಂದು ಪಟ್ಟು ಹಿಡಿಯುತ್ತದೆ, ಆದ್ದರಿಂದ ಆತ್ಮ ಅಮರವೆಂದೂ ದೇವರು ಇದ್ದಾನೆಂದೂ ನಂಬಿ ನಡೆಯುವುದು ಯುಕ್ತ ಎಂದು. ಆದರೆ ಇದನ್ನು ಆತ ಪುರಾವೆಯೆಂದು ಕರೆಯಲಿಲ್ಲ. ಹಸಿವು ಇದೆಯೆಂಬುದರಿಂದ ಅನ್ನ ಬಡಿಸಿದೆಯೆಂದು ಸಿದ್ಧವಾಗುವುದಿಲ್ಲವಷ್ಟೆ. ನ್ಯಾಯಕ್ಕಾಗಿ ನಮಗಿರುವ ಹಂಬಲದಿಂದ ಪರಲೋಕ ಇದೆಯೆಂದು ತೀರ್ಮಾನಿಸುವುದೂ ಹಾಗೆಯೇ. ಹಂಬಲ ಮಾತ್ರ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಧರ್ಮಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆಂಬ ಊಹೆ ನಿಮ್ಮ ಕಾಗದದಲ್ಲಿದೆ. ಅದು ಹಾಗಿಲ್ಲ. ವೇದಾಂತದಲ್ಲಿ ಈ ಪ್ರಶ್ನೆ ನೇರವಾಗಿಯೇ ಬಂದಿದೆ: ಒಬ್ಬನನ್ನು ಸುಖಿಯಾಗಿ, ಇನ್ನೊಬ್ಬನನ್ನು ದುಃಖಿಯಾಗಿ ಮಾಡಿದ ದೇವರಿಗೆ ಪಕ್ಷಪಾತ, ಕ್ರೌರ್ಯ ಎಂಬ ದೋಷಗಳು ಬರುವುದಿಲ್ಲವೇ ಎಂದು. ಜೀವರ ಕರ್ಮವನ್ನು ನೋಡಿಯೇ ಆತ ಫಲ ಕೊಡುವುದರಿಂದ ಬರುವುದಿಲ್ಲ, ಆ ಕರ್ಮಕ್ಕೆ ಆದಿಯೇ ಇಲ್ಲ ಎಂದು ಬ್ರಹ್ಮಸೂತ್ರ ಉತ್ತರಿಸುತ್ತದೆ. ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ ನಮ್ಮ ಕೂಡ್ಲಿನ ವಿಷ್ಣುಮಂಗಲದಲ್ಲಿ ತ್ರಿವಿಕ್ರಮ ಪಂಡಿತಾಚಾರ್ಯರೊಡನೆ ವಾದ ನಡೆಸಿದ ಮಧ್ವಾಚಾರ್ಯರು ಇನ್ನೂ ಮುಂದೆ ಹೋಗಿ, ಕೆಲವು ಜೀವರ ಸ್ವಭಾವವೇ ನಿತ್ಯನರಕಕ್ಕೆ ಯೋಗ್ಯವಾದದ್ದು ಎಂದರು. ಜೈನರ ಕರ್ಮಸಿದ್ಧಾಂತದಲ್ಲಿ ನ್ಯಾಯ ಹೇಳುವ ಈಶ್ವರನೇ ಇಲ್ಲ, ಕರ್ಮ ತಾನಾಗಿಯೇ ಅಂಟಿ ತಾನಾಗಿಯೇ ಫಲ ಕೊಡುತ್ತದೆ.

ಇಲ್ಲಿ ನಾನು ನಿಲ್ಲಬೇಕು. ಮುಂದಿನ ಜನ್ಮದಲ್ಲಿ ಸರಿಹೋಗುತ್ತದೆ ಎಂಬ ಸಮಾಧಾನವನ್ನು ಒಪ್ಪಿಕೊಂಡವರು, ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದಾಳೆ ಎಂಬ ಮಾತನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಪೆರ್ಲ, ಪಡ್ರೆ ಸೇರಿದ ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಈ ಮಾತು ಬರಿಯ ಸಿದ್ಧಾಂತವಾಗಿ ಉಳಿಯಲಿಲ್ಲ. ಮನೆಮನೆಯಲ್ಲೂ ಅಂಗವಿಕಲ ಮಕ್ಕಳು ಹುಟ್ಟತೊಡಗಿದಾಗ ಅದು ದೈವದ ಮುನಿಸು, ಜನ್ಮಾಂತರದ ಪಾಪ ಎಂದು ತಾಯಂದಿರು ತಲೆ ತಗ್ಗಿಸಿ ಹರಕೆ ಹೊತ್ತರು. ಪಡ್ರೆಯ ಒಬ್ಬ ವೈದ್ಯರು ಒಂದೇ ತೋಡಿನ ದಂಡೆಯ ಮನೆಗಳಲ್ಲೇ ಏಕೆ ಇಷ್ಟು ರೋಗ ಎಂದು ಕೇಳುವವರೆಗೆ ಗುಡ್ಡೆಯ ಮೇಲೆ ಹಾರುತ್ತಿದ್ದುದರ ಕಡೆಗೆ ಬೊಟ್ಟು ಮಾಡಿದವರು ಕಡಿಮೆ. ಪಾಪವನ್ನು ಮಗುವಿನ ತಲೆಗೆ ಕಟ್ಟಿದ ಮೇಲೆ ಕಾರಣವನ್ನು ಯಾರೂ ಹುಡುಕುವುದಿಲ್ಲ. ಕರ್ಮಸಿದ್ಧಾಂತದ ಉದ್ದೇಶ ಇದಲ್ಲವೆಂದು ಪಂಡಿತರು ಹೇಳಬಹುದು, ಅದು ಸರಿಯೂ ಇರಬಹುದು. ಆದರೆ ನಮ್ಮ ಊರಿನಲ್ಲಿ ಅದು ಮಾಡಿದ ಕೆಲಸ ಇದು. ನಿಮ್ಮ ಅಣ್ಣನ ಮಗಳು ಯಾವ ತಪ್ಪನ್ನೂ ಮಾಡಿರಲಿಲ್ಲ ಎಂಬಲ್ಲಿಂದಲೇ ನ್ಯಾಯದ ಮಾತು ಶುರುವಾಗಬೇಕು.

ಇಸ್ಲಾಂ ಧರ್ಮದ ಅಂತಿಮ ದಿನದ ಕಲ್ಪನೆ ನನ್ನ ಮನಸ್ಸಿಗೆ ಹೆಚ್ಚು ತಟ್ಟುತ್ತದೆ. ನಿಜವಾದ ದಿವಾಳಿಕೋರ ಯಾರೆಂದು ಪ್ರವಾದಿಯವರು ಶಿಷ್ಯರನ್ನು ಕೇಳಿದ ಪ್ರಸಂಗವನ್ನು ಇಲ್ಲಿನ ಮುಸ್ಲಿಂ ಗೆಳೆಯರು ಬಲ್ಲರು. ನಮಾಜು, ಉಪವಾಸ, ಜಕಾತು ಎಲ್ಲವನ್ನೂ ಹೊತ್ತು ತಂದವನು, ಆದರೆ ಒಬ್ಬನನ್ನು ಬೈದು, ಇನ್ನೊಬ್ಬನ ಸೊತ್ತು ತಿಂದು, ಮತ್ತೊಬ್ಬನನ್ನು ಹೊಡೆದು ಬಂದವನು. ಆ ದಿನ ಅವನ ಪುಣ್ಯವೆಲ್ಲ ನೊಂದವರಿಗೆ ಹಂಚಿಹೋಗುತ್ತದೆ, ಸಾಲದಿದ್ದರೆ ಅವರ ಪಾಪ ಅವನ ಮೇಲೆ ಬೀಳುತ್ತದೆ. ಆದುದರಿಂದ ಯಾರಿಗಾದರೂ ಅನ್ಯಾಯ ಮಾಡಿದ್ದರೆ ದೀನಾರವೂ ದಿರ್ಹಮೂ ನಡೆಯದ ಆ ದಿನ ಬರುವ ಮೊದಲು ಇಂದೇ ತೀರಿಸಿಕೊಳ್ಳಿ ಎಂಬ ಬೋಧೆಯೂ ಇದೆ. ಪರಲೋಕವನ್ನು ಇಷ್ಟು ಗಟ್ಟಿಯಾಗಿ ನಂಬುವ ಧರ್ಮವೂ ಒತ್ತಡ ಹಾಕುವುದು ಇಂದಿನ ದಿನದ ಮೇಲೆ. “ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರಯ್ಯಾ” ಎಂದ ಬಸವಣ್ಣನವರದೂ ಇದೇ ದಿಕ್ಕು.

ಪರಲೋಕ ಇದ್ದರೂ ನಮ್ಮ ನ್ಯಾಯಬುದ್ಧಿಗೆ ಸಮಾಧಾನವಾಗುತ್ತದೆಯೇ? ಮಹಾಭಾರತದ ಕೊನೆಯನ್ನು ನೆನಪಿಸಿಕೊಳ್ಳಿ. ಸ್ವರ್ಗಕ್ಕೆ ಹೋದ ಯುಧಿಷ್ಠಿರನ ಕಣ್ಣಿಗೆ ಮೊದಲು ಬಿದ್ದವನು ಸಿಂಹಾಸನದ ಮೇಲೆ ಬೆಳಗುತ್ತಿದ್ದ ದುರ್ಯೋಧನ. ಇಲ್ಲಿ ವೈರವೆಂಬುದಿಲ್ಲ ಎಂದು ನಾರದರು ಹೇಳಿದರೂ ಯುಧಿಷ್ಠಿರ ಒಪ್ಪಲಿಲ್ಲ. ತಮ್ಮಂದಿರಿದ್ದ ಕತ್ತಲೆಯ, ದುರ್ಗಂಧದ ಜಾಗಕ್ಕೆ ಹೋಗಿ ಅವರ ದನಿ ಕೇಳಿದ ಮೇಲೆ ದೇವತೆಗಳನ್ನೂ ಧರ್ಮವನ್ನೂ ನಿಂದಿಸಿ, ನಾನು ಇಲ್ಲಿಯೇ ಇರುತ್ತೇನೆ ಎಂದ. ಅದು ಮಾಯೆ ಎಂದು ಇಂದ್ರ ಬಂದು ತಿಳಿಸಿದ್ದು ಆಮೇಲೆ. ಸ್ವರ್ಗದ ವ್ಯವಸ್ಥೆ ಸರಿಯೇ ಎಂದು ಕೇಳುವ ಹಕ್ಕನ್ನು ಮನುಷ್ಯ ಅಲ್ಲಿಯೂ ಬಿಡಲಿಲ್ಲ. ನಿಮ್ಮ ಅಣ್ಣನ ಮಗಳಿಗೆ ಪರಲೋಕದಲ್ಲಿ ಎಷ್ಟೇ ಸುಖ ಸಿಗಲಿ, ಆ ಚಾಪೆಯ ಮೇಲೆ ಅವಳು ಪಟ್ಟ ನೋವು ನಡೆದೇ ಇರಲಿಲ್ಲ ಎಂದಾಗುವುದಿಲ್ಲ.

ಇನ್ನು ಪರಲೋಕವನ್ನು ಒಪ್ಪದವರ ವಿಷಯ. ಸುಟ್ಟು ಬೂದಿಯಾದ ದೇಹ ಮರಳಿ ಬರುವುದೆಲ್ಲಿಂದ ಎಂದು ಚಾರ್ವಾಕರು ಕೇಳಿದರು, ಆದರೆ ನೊಂದು ಸತ್ತವರ ಬಗ್ಗೆ ಏನು ಹೇಳಬೇಕೆಂಬುದಕ್ಕೆ ಆ ಮಾತು ಸಾಲದು. ಈ ಪ್ರಶ್ನೆಯನ್ನು ಎದುರಿಸಿದ ಇಬ್ಬರು ಗೆಳೆಯರ ಪತ್ರವ್ಯವಹಾರ ನಿಮ್ಮ ಕಾಗದ ಓದುವಾಗ ನೆನಪಾಯಿತು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದಿದ್ದ ತತ್ತ್ವಜ್ಞ ಮ್ಯಾಕ್ಸ್ ಹೋರ್ಕ್‌ಹೈಮರ್ 1937ರಲ್ಲಿ ತನ್ನಂತೆಯೇ ದೇಶ ಬಿಟ್ಟಿದ್ದ ಚಿಂತಕ ವಾಲ್ಟರ್ ಬೆಂಜಮಿನ್‌ಗೆ ಬರೆದ: ಆಗಿಹೋದ ಅನ್ಯಾಯ ಆಗಿಯೇ ಹೋಯಿತು, ಕೊಲ್ಲಲ್ಪಟ್ಟವರು ನಿಜವಾಗಿಯೂ ಸತ್ತಿದ್ದಾರೆ, ಅದಿನ್ನೂ ಮುಗಿದಿಲ್ಲ ಎನ್ನಬೇಕಾದರೆ ಅಂತಿಮ ತೀರ್ಪಿನ ದಿನವನ್ನೇ ನಂಬಬೇಕಾಗುತ್ತದೆ ಎಂದು. ನೀವು ಹೇಳಿದ್ದೂ ಇದೇ, ಆತ ಮಾತ್ರ ಆ ನಂಬಿಕೆಯ ಕಡೆಗೆ ಹೋಗಲಿಲ್ಲ. ಚರಿತ್ರೆ ಬರಿಯ ವಿಜ್ಞಾನವಲ್ಲ, ಅದು ಸ್ಮರಣೆಯೂ ಹೌದು, ಮುಗಿಯಿತೆಂದುಕೊಂಡ ದುಃಖವನ್ನು ಮುಗಿಯದ್ದಾಗಿ ಉಳಿಸುವ ಶಕ್ತಿ ಸ್ಮರಣೆಗಿದೆ ಎಂದು ಬೆಂಜಮಿನ್ ಉತ್ತರ ಕಂಡುಕೊಂಡ. ಮೂರು ವರ್ಷದ ಬಳಿಕ ನಾತ್ಸಿಗಳಿಂದ ತಪ್ಪಿಸಿಕೊಳ್ಳುತ್ತ ಸ್ಪೇನಿನ ಗಡಿಯಲ್ಲಿ ಅವನು ಪ್ರಾಣ ಕಳೆದುಕೊಂಡ.

ನನ್ನ ಮನಸ್ಸು ಈ ಇಬ್ಬರ ನಡುವೆ ಇದೆ. ನಿಮ್ಮ ಅಣ್ಣನ ಮಗಳಿಗೆ ಆದ ಅನ್ಯಾಯಕ್ಕೆ ಈ ಲೋಕದಲ್ಲಿ ಪೂರ್ತಿ ಪರಿಹಾರವಿಲ್ಲ. ಇದೆಯೆಂದು ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದಂತೆ. ಪೂರ್ಣ ನ್ಯಾಯಕ್ಕೆ ಪರಲೋಕ ಬೇಕೆಂಬ ನಿಮ್ಮ ಮಾತನ್ನು ಆ ಮಟ್ಟಿಗೆ ಒಪ್ಪುತ್ತೇನೆ. ಪರಲೋಕ ಇದೆಯೆಂದು ನನಗೆ ನಂಬಿಕೆ ಬಂದಿಲ್ಲ, ನಿಮ್ಮ ನಂಬಿಕೆಯನ್ನು ಕದಲಿಸುವ ಇಚ್ಛೆಯೂ ಇಲ್ಲ. ಒಂದನ್ನು ಮಾತ್ರ ಬಿಟ್ಟುಕೊಡಲಾರೆ: ಪೂರ್ಣ ನ್ಯಾಯ ಸಾಧ್ಯವಿಲ್ಲವೆಂದು ಅಪೂರ್ಣ ನ್ಯಾಯದ ಬಾಕಿ ಮನ್ನಾ ಆಗುವುದಿಲ್ಲ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು ಎನ್ನಲು ನಮ್ಮ ಜಿಲ್ಲೆಯ ಕಾನತ್ತೂರಿನ ದೈವಸ್ಥಾನ ಸಾಕ್ಷಿ. ಕಾನತ್ತೂರಿಗೆ ಹೋಗುತ್ತೇನೆ ಎಂಬ ಒಂದು ಮಾತಿಗೆ ಎಷ್ಟೋ ತಗಾದೆಗಳು ತೀರಿದ ನಾಡು ಇದು. ದೂರು ಹೋದರೆ ಎದುರು ಪಕ್ಷಕ್ಕೆ ಕರೆ ಬರುತ್ತದೆ, ಇಬ್ಬರೂ ಅಲ್ಲಿನ ‘ನಾಲ್ವರ್’ ಎಂಬ ನಾಲ್ಕು ದೈವಗಳ ಸನ್ನಿಧಿಯಲ್ಲಿ ನಿಂತು ಸತ್ಯ ಹೇಳಬೇಕು. ದೈವವನ್ನು ನಂಬಿದ ಜನ ನ್ಯಾಯವನ್ನು ಸತ್ತ ಮೇಲಿನದ್ದಕ್ಕೆ ಬಿಡದೆ, ಎದುರಾಳಿ ಬದುಕಿರುವಾಗಲೇ, ಊರಿನ ಅಂಗಳದಲ್ಲೇ ಕೇಳಿದರು.

ಸತ್ತವರಿಗೆ ಸಲ್ಲಬೇಕಾದದ್ದರಲ್ಲಿ ನಮ್ಮ ಕೈಯಲ್ಲಿರುವುದು, ಅವರು ಯಾವುದರಿಂದ ನರಳಿದರೆಂಬ ಸತ್ಯ ದಾಖಲೆಯಾಗುವುದು, ಅವರ ಹೆಸರು ಲೆಕ್ಕಕ್ಕೆ ಸೇರುವುದು, ವಿಳಂಬಕ್ಕೆ ಹೊಣೆಯಾದವರು ಉತ್ತರ ಹೇಳುವುದು. ಸಂತ್ರಸ್ತರ ಪಟ್ಟಿಗೆ ಸೇರುವ ಮೊದಲೇ ತೀರಿಕೊಂಡವರ, ಆದೇಶ ಬಂದೂ ಹಣ ಕೈಗೆ ಬಾರದೆ ಹೋದವರ ವಿವರಗಳನ್ನು ಮನೆಯವರ ಒಪ್ಪಿಗೆಯೊಂದಿಗೆ ಮುಂದಿನ ಸಂಚಿಕೆಯಿಂದ ಪ್ರಕಟಿಸಲಿದ್ದೇವೆ. ನಿಮ್ಮ ಅಣ್ಣ ಅತ್ತಿಗೆಯವರು ಒಪ್ಪುವುದಾದರೆ ಆ ಹುಡುಗಿಯ ಹೆಸರು, ಹುಟ್ಟಿದ ಮತ್ತು ತೀರಿದ ದಿನ, ಮನೆಗೂ ತೋಟಕ್ಕೂ ಇದ್ದ ದೂರ, ವೈದ್ಯಕೀಯ ಶಿಬಿರದ ಚೀಟಿಗಳು ಇವಿಷ್ಟನ್ನು ಕಳುಹಿಸಿಕೊಡಿ. ಚೀಟಿಗಳ ನಕಲು ಸಾಕು, ಮೂಲಪ್ರತಿ ನಿಮ್ಮಲ್ಲೇ ಇರಲಿ. ಕಚೇರಿಯಲ್ಲಿ ಅದು ಇನ್ನೂ ಬೇಕಾದೀತು.

— ಸಂಪಾದಕ