ಕಾಸರಗೋಡಿನಲ್ಲಿ ಹೊಸ ಮನೆಗೆ ನಗರಸಭೆಯ ನಂಬರ್ ಸಿಗಲು ವಾರ್ಡಿನ ಪಕ್ಷದವರಿಗೆ ಎಷ್ಟು ಕೊಡಬೇಕು?

ಎಷ್ಟು ಅನ್ನೋದು ಆಮೇಲೆ. ಅರ್ಜಿ ಕೊಟ್ಟ ರಶೀದಿ ನಿಮ್ಮ ಕೈಯಲ್ಲಿದೆಯಾ?

ನಾನೂ ಕಾಸರಗೋಡು ಕಡೆಯವನೇ. ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತೇನೆ, ಫಾರ್ಮ್ ತುಂಬುವಷ್ಟು ಬರುವುದಿಲ್ಲ. ನಮ್ಮ ವಾರ್ಡಿನಲ್ಲಿ ಪಕ್ಷದವನೊಬ್ಬನಿದ್ದ. ಅಮ್ಮನ ಪಿಂಚಣಿ ಮಾಡಿಸಿಕೊಟ್ಟಿದ್ದು ಅವನೇ, ಆಗ ಒಂದು ಪೈಸೆ ಮುಟ್ಟಿರಲಿಲ್ಲ. ಅಂದಿನಿಂದ ನಮ್ಮ ಮನೆಯ ವೋಟೆಲ್ಲ ಅವನು ಹೇಳಿದ ಕಡೆಗೆ. ನ್ಯೂಯಾರ್ಕಿನಲ್ಲಿ 19ನೇ ಶತಮಾನದಲ್ಲಿ ಟ್ಯಾಮನಿ ಹಾಲ್ ಅನ್ನೋ ರಾಜಕೀಯ ಬಣದವರು ಬೆಳೆದದ್ದೂ ಹೀಗೇ. ಹೊಸದಾಗಿ ಬಂದ ಐರಿಷ್ ಬಡವರಿಗೆ ಕೆಲಸ ಕೊಡಿಸಿದರು, ವೋಟು ತೆಗೆದುಕೊಂಡರು, ಆ ವೋಟಿನ ಬಲದಲ್ಲಿ ನಗರದ ಖಜಾನೆಗೇ ಕೈ ಹಾಕಿದರು.

ಮನೆ ಮುಗಿದಾಗ ಪ್ಲಾನು, ಜಾಗದ ಪತ್ರ, ತೆರಿಗೆ ರಶೀದಿ ಇದ್ದ ಫೈಲನ್ನೇ ಅವನಿಗೆ ಕೊಟ್ಟೆ. ಆಫೀಸಿನವರಿಗೆ ಅಂತ ದುಡ್ಡೂ ಕೊಟ್ಟೆ. ಕೇಳಿದಾಗಲೆಲ್ಲ ಇಂಜಿನಿಯರ್ ರಜೆ, ಮುಂದಿನ ವಾರ ಆಗುತ್ತದೆ ಅನ್ನುತ್ತಿದ್ದ. ಕೊನೆಗೆ ನಾನೇ ಕೌಂಟರಿಗೆ ಹೋದೆ. ಗುಮಾಸ್ತೆ ರಿಜಿಸ್ಟರಿನ ಪುಟಗಳ ಮೇಲೆ ಬೆರಳಿಟ್ಟು ಹುಡುಕಿದರು. ನನ್ನ ಹೆಸರಲ್ಲಿ ಅರ್ಜಿಯೇ ಇರಲಿಲ್ಲ.

ನನ್ನನ್ನು ಮುಳುಗಿಸಿದ್ದು ದುಡ್ಡಲ್ಲ, ಫೈಲು ಕೈಬಿಟ್ಟದ್ದು. ಅರ್ಜಿ ಇಲ್ಲದಿದ್ದರೆ ಕಾನೂನಿನ ಪ್ರಕಾರ ವಿಳಂಬವೂ ಇಲ್ಲ. ಕೇರಳದ 2012ರ ಸೇವಾ ಹಕ್ಕು ಕಾಯ್ದೆಯಲ್ಲಿ ಆಫೀಸಿನವರು ಕೆಲಸ ಮುಗಿಸಲು ಇರುವ ಗಡುವು ಶುರುವಾಗುವುದೇ ಅರ್ಜಿಯಿಂದ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದರೆ, ಇಲ್ಲದ ಫೈಲಿನ ಬಗ್ಗೆ ಏನು ಕೇಳುವುದು? ದೂರು ಕೊಡಲು ಹೊರಟರೆ ಇನ್ನೊಂದು ತೊಡಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ನನ್ನದು ಆ ಗಡುವು ಯಾವಾಗಲೋ ದಾಟಿತ್ತು. ಅಷ್ಟಕ್ಕೂ ನನ್ನ ಹತ್ತಿರ ಯಾವ ಅಧಿಕಾರಿಯೂ ದುಡ್ಡು ಕೇಳಿರಲೇ ಇಲ್ಲ!

ಹಾಗಾಗಿ ಪಕ್ಷದವರ ಬಳಿ ಹೋಗಲೇಬೇಡಿ. ನಗರಸಭೆಯಲ್ಲಿ ಮನೆ ನಂಬರ್ ಕೊಡುವ ಅಧಿಕಾರ ಸೆಕ್ರೆಟರಿಯದು, ಕೌನ್ಸಿಲರದ್ದಲ್ಲ. 2024ರಿಂದ ಕೇರಳದ ನಗರಸಭೆಗಳಲ್ಲಿ ಕೆ-ಸ್ಮಾರ್ಟ್ ಅನ್ನೋ ಆನ್‌ಲೈನ್ ಸೇವಾ ವ್ಯವಸ್ಥೆ ಬಂದಿದೆ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಪ್ಲಾನ್ ಮಾಡಿದವರಿಂದ ಹಾಕಿಸಿ, ಆದರೆ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಇದನ್ನು ಮಾತ್ರ ಎದುರಿಗೇ ಕೂತು ನೋಡಿ. ಭಾಷೆಗೆ ಹೆದರಬೇಡಿ. ಸರ್ಕಾರದ ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ.

ಆಮೇಲೂ ಯಾರಾದರೂ ದುಡ್ಡು ಕೇಳಿದರೆ, ಕೊಡುವ ಮೊದಲೇ ಲಂಚದ ಕೇಸು ನೋಡುವ ವಿಜಿಲೆನ್ಸ್ ಇಲಾಖೆಯ 1064ಕ್ಕೆ ಫೋನ್ ಮಾಡಿ. ಅವರಿಗೆ ಮೊದಲೇ ತಿಳಿಸಿ ಕೊಟ್ಟರೆ ನಿಮ್ಮ ಮೇಲೆ ಕೇಸ್ ಇಲ್ಲ.