ಮುಖ ನೋಡಿ ಕಾಫಿ ಕೊಡಲು ಹೋಗಬೇಡಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. 16 ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಮುಂದಿನ ತಿಂಗಳು ಕೆಲಸಕ್ಕೆಂದು ಅಮೆರಿಕದ ಯೂಟಾ ರಾಜ್ಯದ ಲೀಹೈಗೆ ಹೆಂಡತಿ, ಮಗು ಸಮೇತ ಬರುತ್ತಿದ್ದೀರಿ. ಅಲ್ಲಿ ಮಾರ್ಮನ್ನರು ಎಂಬ ಕ್ರೈಸ್ತ ಪಂಗಡದವರು ತುಂಬಾ ಅಂತೆ, ಅವರೆಲ್ಲ ಹೊಂಬಣ್ಣದ ಕೂದಲು, ನೀಲಿ ಕಣ್ಣು, ಬಿಳಿ ಶರ್ಟು, ಟೈ ಅಂತೆ, ಹೆಂಗಸರು ಕಾಲು ಮುಚ್ಚುವ ಲಂಗ ಹಾಕುತ್ತಾರಂತೆ, ನೋಡಿದ ತಕ್ಷಣ ಗೊತ್ತಾಗುತ್ತದಾ, ಅವರ ಮಧ್ಯೆ ನಾವು ಎದ್ದು ಕಾಣುತ್ತೇವಾ ಅಂತ ಕೇಳಿದ್ದೀರಿ. ಉದ್ದ ಗಡ್ಡ ಬಿಟ್ಟು ಕುದುರೆ ಗಾಡಿ ಓಡಿಸುವವರು ಇವರೇನಾ ಅಂತ ಕೊನೆಗೆ ಒಂದು ಸಾಲು.

ಆ ಕೊನೆಯ ಸಾಲನ್ನು ಮೊದಲು ಮುಗಿಸಿಬಿಡೋಣ. ಕುದುರೆ ಗಾಡಿಯವರು ಆಮಿಶ್ ಜನ. ಅವರು ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಜಾಸ್ತಿ. ಇವರಿಗೂ ಅವರಿಗೂ ಸಂಬಂಧವೇ ಇಲ್ಲ. ನೀವು ಬರುತ್ತಿರುವ ಲೀಹೈ ಪೂರ್ತಿ ಸಾಫ್ಟ್‌ವೇರ್ ಆಫೀಸುಗಳ ಊರು.

ಈಗ ಕಾಫಿ ಕಥೆ.

ನಾನು ಬಂದ ಮೊದಲ ಚಳಿಗಾಲ. ಊರಿಂದ ತಂದಿದ್ದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಆಫೀಸಿಗೆ ಹೋದೆ. ಮಾರ್ಮನ್ನರು ಕಾಫಿ, ಟೀ, ಮದ್ಯ, ಹೊಗೆಸೊಪ್ಪು ಮುಟ್ಟುವುದಿಲ್ಲ ಅಂತ ಓದಿಕೊಂಡಿದ್ದೆ. 1833ರಷ್ಟು ಹಿಂದಿನ ನಿಯಮ ಅದು. ನನ್ನ ಬಲಗಡೆ ಕೂರುತ್ತಿದ್ದ ಹೆಂಗಸಿನದು ಜೇನು ಬಣ್ಣದ ಕೂದಲು, ತುದಿಯಲ್ಲಿ ಮಾತ್ರ ಸುರುಳಿ, ಜಾಹೀರಾತಿನ ಹಲ್ಲು, ಮೇಜಿನ ಮೇಲೆ ನಾಲ್ಕು ಮಕ್ಕಳ ಫೋಟೋ. ಎಡಗಡೆಯವನಿಗೆ ಎದೆ ಮುಟ್ಟುವ ಗಡ್ಡ. ಲೆಕ್ಕ ಸುಲಭ ಅಲ್ವಾ? ಬಲಗಡೆಯವರಿಗೆ ಮುಜುಗರ ಆಗದಿರಲಿ ಅಂತ ಫ್ಲಾಸ್ಕನ್ನು ಮರೆ ಮಾಡಿ ಗಡ್ಡದವನ ಮುಂದೆ ಲೋಟ ಇಟ್ಟೆ. ಅವನು ಅಂಗೈ ಅಡ್ಡ ಹಿಡಿದು, 'ಥ್ಯಾಂಕ್ಸ್, ನಾನು ಕುಡಿಯಲ್ಲ, ನಾನು ಮೆಂಬರ್' ಅಂದ. ಮೆಂಬರ್ ಅಂದರೆ ಮಾರ್ಮನ್ ಚರ್ಚಿನವನು. ಹಿಂದಿನಿಂದ ಜೇನು ಕೂದಲಿನವರು, 'ಅವನಿಗೆ ಬೇಡದಿದ್ದರೆ ಈ ಕಡೆ ಕೊಡಿ' ಅಂದರು. ಅವರು ಮಿನೆಸೋಟ ರಾಜ್ಯದ ಲೂಥರನ್, ಅಂದರೆ ಬೇರೆಯೇ ಪಂಗಡದ ಕ್ರೈಸ್ತರು. ಮಾರ್ಮನ್ನರನ್ನು ನೋಡಿದ್ದೇ ಕೆಲಸಕ್ಕೆ ಇಲ್ಲಿಗೆ ಬಂದ ಮೇಲೆ.

ಗಡ್ಡದವನ ಕಥೆ ಇನ್ನೂ ಚೆನ್ನಾಗಿದೆ. ಅವನು ಓದಿದ್ದು ಪ್ರೋವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ. ಅದು ಚರ್ಚಿನದೇ ವಿಶ್ವವಿದ್ಯಾಲಯ. ಅಲ್ಲಿ ಹುಡುಗರು ಗಡ್ಡ ಬಿಡುವಂತಿಲ್ಲ. ಚರ್ಮದ ತೊಂದರೆ, ನಾಟಕದ ಪಾತ್ರ, ಧರ್ಮದ ಕಾರಣ, ಹೀಗೇನಾದರೂ ಇದ್ದರೆ ಮೊದಲೇ ಅನುಮತಿ ತಗೋಬೇಕು. ಡಿಗ್ರಿ ಕೈಗೆ ಬಂದ ದಿನದಿಂದ ಇವನು ರೇಜರ್ ಮುಟ್ಟಿರಲಿಲ್ಲ. ತಮಾಷೆ ಏನೆಂದರೆ, ಆ ಬ್ರಿಗಮ್ ಯಂಗ್ ಅವರ ಪ್ರಸಿದ್ಧ ಫೋಟೋಗಳಲ್ಲಿ ಅವರಿಗೇ ಗಡ್ಡ ಇದೆ. ಅವರಿಂದ ಹಿಡಿದು 1951ರಲ್ಲಿ ತೀರಿಕೊಂಡ ಜಾರ್ಜ್ ಆಲ್ಬರ್ಟ್ ಸ್ಮಿತ್‌ವರೆಗೆ ಚರ್ಚಿನ ಅಧ್ಯಕ್ಷರಾದವರೆಲ್ಲ ಗಡ್ಡದವರೇ. ಆಮೇಲೆ ಹಿಪ್ಪಿಗಳ ಕಾಲ ಬಂತು, ಗಡ್ಡ ಎಂದರೆ ಪುಂಡಾಟ ಅಂತಾಯಿತು, ಕ್ಯಾಂಪಸ್ಸಿನಲ್ಲಿ ರೇಜರ್ ಕಡ್ಡಾಯವಾಯಿತು. ಜಗತ್ತು 'ಮಾರ್ಮನ್ ಮುಖ' ಅಂದುಕೊಂಡಿರುವ ಆ ನುಣ್ಣನೆ ಗಲ್ಲಕ್ಕೆ ನೂರು ವರ್ಷವೂ ಆಗಿಲ್ಲ.

ಬಿಳಿ ಶರ್ಟಿನದೂ ಹೀಗೇ. ನೀವು ಯಾವ ದೇಶದಲ್ಲೇ ಮಾರ್ಮನ್ನರನ್ನು ನೋಡಿದ್ದರೂ ನೋಡಿರುವುದು ಮಿಷನರಿ ಹುಡುಗರನ್ನು. ಇಬ್ಬಿಬ್ಬರೇ ಜೋಡಿಯಾಗಿ ಓಡಾಡುತ್ತಾರೆ. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಹೆಸರುಪಟ್ಟಿ, ಕೆಲವೊಮ್ಮೆ ಸೈಕಲ್ಲು. ಹುಡುಗರು 18 ದಾಟಿದ ಮೇಲೆ ಎರಡು ವರ್ಷ, ಹುಡುಗಿಯರಾದರೆ ಒಂದೂವರೆ ವರ್ಷ. ಹೆಸರುಪಟ್ಟಿಯಲ್ಲಿ 'ಎಲ್ಡರ್' ಅಂದರೆ ಹಿರಿಯ ಅಂತ ಇರುತ್ತದೆ, ಮುಖದಲ್ಲಿ ಮೊಡವೆ ಇನ್ನೂ ಆರಿರುವುದಿಲ್ಲ! ಅದೊಂದು ಯೂನಿಫಾರ್ಮು. ಎನ್‌ಸಿಸಿ ಪರೇಡ್ ನೋಡಿ ಕನ್ನಡಿಗರೆಲ್ಲ ಖಾಕಿ ಹಾಕುತ್ತಾರೆ ಅಂದರೆ ಹೇಗಿರುತ್ತದೆ, ಹಾಗೆ. ಈಗ ಆ ಯೂನಿಫಾರ್ಮೂ ಸಡಿಲವಾಗಿದೆ. 2018ರ ಕೊನೆಯಿಂದ ಮಿಷನರಿ ಹುಡುಗಿಯರು ಪ್ಯಾಂಟ್ ಹಾಕಬಹುದು, 2020ರಿಂದ ಕೆಲವು ಕಡೆ ಹುಡುಗರು ನೀಲಿ ಶರ್ಟು ಹಾಕಬಹುದು. ಮನೆಗೆ ವಾಪಸಾದ ಮೇಲೆ ಅದೇ ಹುಡುಗರು ಚಡ್ಡಿ ಹಾಕಿಕೊಂಡು ಕಾಸ್ಟ್‌ಕೋ ಅಂಗಡಿಯಲ್ಲಿ ಟ್ರಾಲಿ ತಳ್ಳುತ್ತಿರುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಬೀದಿ ತುಂಬ ಟೈ ಕಾಣುತ್ತದೆ.

ಹೊಂಬಣ್ಣದ ಕೂದಲು? ಅದು ಸುಳ್ಳಲ್ಲ, ಯೂಟಾದಲ್ಲಿ ನಿಜಕ್ಕೂ ಜಾಸ್ತಿ. ಆದರೆ ಅದಕ್ಕೆ ಕಾರಣ ಹಡಗು. ಈ ಚರ್ಚ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾಯಿತು. 1837ರಲ್ಲಿ ಇವರ ಪ್ರಚಾರಕರು ಇಂಗ್ಲೆಂಡಿಗೆ ಹೋದರು, 1850ರಲ್ಲಿ ಡೆನ್ಮಾರ್ಕಿಗೆ. 1847ರಲ್ಲಿ ಬ್ರಿಗಮ್ ಯಂಗ್ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆ ಹೂಡಿದ ಮೇಲೆ, ಮತಕ್ಕೆ ಸೇರಿದವರನ್ನೆಲ್ಲ ಇಲ್ಲಿಗೆ ಬನ್ನಿ ಅಂತ ಕರೆದರು. ದುಡ್ಡಿಲ್ಲದವರಿಗೆ ಪ್ರಯಾಣಕ್ಕೆ ಸಾಲ ಕೊಡುವ ನಿಧಿಯನ್ನೂ ಮಾಡಿದರು. ಇಂಗ್ಲಿಷರು, ಡೇನರು, ಸ್ವೀಡನ್ನಿನವರು ಸಾವಿರಾರು ಲೆಕ್ಕದಲ್ಲಿ ಬಂದರು. ಸ್ಯಾನ್‌ಪೀಟ್ ಕಣಿವೆಯ ಈಫ್ರಾಯಿಮ್‌ನಲ್ಲಿ ಇವತ್ತಿಗೂ ಸ್ಕ್ಯಾಂಡಿನೇವಿಯನ್ ಹಬ್ಬ ನಡೆಯುತ್ತದೆ. ನೀವು ನೋಡುವ ಕೂದಲು ಕೋಪನ್‌ಹೇಗನ್‌ನದು, ಮಾರ್ಮನ್ನರದಲ್ಲ. ಅರ್ಧದಷ್ಟು ಬ್ಯೂಟಿ ಪಾರ್ಲರಿನದು ಅಂತ ನನ್ನ ಹೆಂಡತಿ ತಿದ್ದುತ್ತಾಳೆ, ಅದೂ ಇರಬಹುದು. ಐ-15 ಹೆದ್ದಾರಿಯಲ್ಲಿ ಬರುವಾಗ ನೋಡಿ, ಮೂಗು, ಹೊಟ್ಟೆ, ಸುಕ್ಕು ಸರಿ ಮಾಡಿಕೊಡುವ ಡಾಕ್ಟರುಗಳ ಬೋರ್ಡು ಎಷ್ಟಿವೆ ಅಂತ.

ಇದೇ ಜನರ ಮುಖವನ್ನು ಹಿಂದೆ ಹೇಗೆ ವರ್ಣಿಸಿದ್ದರು ಗೊತ್ತಾ? 1857ರಲ್ಲಿ ಅಮೆರಿಕ ಸರ್ಕಾರ ಯೂಟಾಗೆ ಸೈನ್ಯ ಕಳಿಸಿತು. ಅದರ ಜೊತೆ ರಾಬರ್ಟ್ಸ್ ಬಾರ್ತೊಲೊ ಎಂಬ ಡಾಕ್ಟರು ಬಂದಿದ್ದರು. 1860ರಲ್ಲಿ ಅಚ್ಚಾದ ಅವರ ವರದಿಯಲ್ಲಿ, ಆಗ ಇವರಲ್ಲಿದ್ದ ಬಹುಪತ್ನಿತ್ವದಿಂದ ಇಲ್ಲಿ ಒಂದು ಹೊಸ ತಳಿಯೇ ಹುಟ್ಟುತ್ತಿದೆ ಅಂತಿದೆ. ಹಳದಿ ಬಿದ್ದ, ಒಳಗಿಳಿದ ಹೆಣದಂಥ ಮುಖ, ಹಸಿರುಗಣ್ಣು, ದಪ್ಪ ತುಟಿ, ಗಿಡ್ಡ ಹಣೆ, ಸಣಕಲು ಮೈ. ಓದಿದರೆ ಯಾವುದೋ ಕಾಯಿಲೆಯ ವಿವರ ಅನ್ನಿಸುತ್ತದೆ. ದೊಡ್ಡ ದೊಡ್ಡ ಡಾಕ್ಟರುಗಳು ಇದನ್ನು ಗಂಭೀರವಾಗಿ ಚರ್ಚೆ ಬೇರೆ ಮಾಡಿದರು. ಆಗ ಇಲ್ಲಿ ಇದ್ದವರು ಯಾರು? ಹತ್ತು ವರ್ಷದ ಹಿಂದೆ ಬಂದಿದ್ದ ನ್ಯೂ ಇಂಗ್ಲೆಂಡಿನವರು, ಇಂಗ್ಲಿಷರು, ಡೇನರು! ಹತ್ತೇ ವರ್ಷದಲ್ಲಿ ಹೊಸ ತಳಿ. ಮಾರ್ಮನ್ನರ ತಲೆಯಲ್ಲಿ ಕೊಂಬಿರುತ್ತದೆ ಎಂಬ ಮಾತೂ ಆ ಕಾಲದಲ್ಲಿ ಓಡಾಡುತ್ತಿತ್ತು. ಇವತ್ತು ಅವರ ಮರಿಮಕ್ಕಳ ಮಕ್ಕಳನ್ನು ನೋಡಿ 'ಮಾರ್ಮನ್ ಗ್ಲೋ' ಅನ್ನುತ್ತಾರೆ, ಮುಖದಲ್ಲಿ ಕಳೆ ಇದೆ ಅಂತ.

ಆ ಕಳೆಯ ಮೇಲೆ ಪರೀಕ್ಷೆಯೂ ನಡೆದಿದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಸುಮ್ನೆ ಮುಖದ ಫೋಟೋ ತೋರಿಸಿ, ಯಾರು ಮಾರ್ಮನ್ ಹೇಳಿ ಅಂದರು. ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ ಸರಿ ಹೇಳಿದರು. ಅವರಿಗೆ ಸುಳಿವು ಕೊಟ್ಟಿದ್ದು ಚರ್ಮ, ಅಂದರೆ ಚರ್ಮ ಎಷ್ಟು ಆರೋಗ್ಯವಾಗಿ ಕಾಣುತ್ತದೆ ಅನ್ನುವುದು. ಸಿಗರೇಟು ಇಲ್ಲ, ಕುಡಿತ ಇಲ್ಲ ಅಂದ ಮೇಲೆ ಇದರಲ್ಲಿ ಪವಾಡ ಏನಿದೆ? ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಆದರೆ 'ಸ್ವಲ್ಪ ಜಾಸ್ತಿ' ಅನ್ನುವುದನ್ನು ಮರೆಯಬೇಡಿ. ಅಷ್ಟನ್ನು ನಂಬಿಕೊಂಡು ಆಫೀಸಿನಲ್ಲಿ ಕಾಫಿ ಹಂಚಿದರೆ ನನ್ನ ಗತಿಯೇ.

ಉದ್ದ ಲಂಗ, ಎತ್ತಿ ಕಟ್ಟಿದ ಜಡೆಯವರು ಬೇರೆ. ಮುಖ್ಯ ಚರ್ಚ್ 1890ರಲ್ಲಿ ಬಹುಪತ್ನಿತ್ವ ನಿಲ್ಲಿಸುವ ಘೋಷಣೆ ಮಾಡಿತು. ಅದನ್ನು ಒಪ್ಪದವರ ಸಣ್ಣ ಗುಂಪುಗಳು ಬೇರೆಯಾದವು. ಅವುಗಳಲ್ಲಿ ಒಂದು, ಯೂಟಾ-ಅರಿಜೋನಾ ಗಡಿಯ ಹಿಲ್‌ಡೇಲ್ ಕಡೆಯದು. ಟಿವಿಯಲ್ಲಿ ತೋರಿಸುವುದು ಅವರನ್ನೇ. ನಿಮ್ಮ ಪಕ್ಕದ ಮನೆಯವರನ್ನು ಅವರ ಜೊತೆ ಸೇರಿಸಿ ಮಾತಾಡಿದರೆ ಖಂಡಿತ ಬೇಜಾರಾಗುತ್ತಾರೆ.

ಇನ್ನೊಂದು, ಒಳಉಡುಪಿನ ಬಗ್ಗೆ ಜೋಕು ಕೇಳಿರುತ್ತೀರಿ. ಇವರ ಟೆಂಪಲ್ಲಿನಲ್ಲಿ, ಅಂದರೆ ವಿಶೇಷ ವಿಧಿಗಳಿಗಾಗಿಯೇ ಇರುವ ಮಂದಿರದಲ್ಲಿ, ವ್ರತ ತಗೊಂಡ ದೊಡ್ಡವರು ಬಟ್ಟೆಯ ಒಳಗೆ ಒಂದು ವಿಶೇಷ ಉಡುಪು ಹಾಕುತ್ತಾರೆ. ಭುಜ, ತೊಡೆ ಮುಚ್ಚುವ ಬಟ್ಟೆಯನ್ನೇ ಇವರು ಆರಿಸಿಕೊಳ್ಳಲು ಅದೂ ಒಂದು ಕಾರಣ. ಅದರ ಬಗ್ಗೆ ಕೇಳಲು ಹೋಗಬೇಡಿ. ಆಫೀಸಿನಲ್ಲಿ ಯಾರಾದರೂ 'ಜನಿವಾರ ತೋರಿಸಿ' ಅಂದರೆ ಹೇಗಿರುತ್ತದೆ? ಹಾಗೇ 'ಮಾರ್ಮನ್' ಎಂಬ ಹೆಸರು. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಆ ಅಡ್ಡಹೆಸರು ಬೇಡ, ಚರ್ಚಿನ ಪೂರ್ತಿ ಹೆಸರು ಹೇಳಿ ಅಂದರು. ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್', ರೈಲಿನಷ್ಟು ಉದ್ದ ಇದೆ. ಬೀದಿಯಲ್ಲಿ 'ಎಲ್‌ಡಿಎಸ್' ಅಂತಲೋ 'ಮೆಂಬರ್' ಅಂತಲೋ ಅಂದರೆ ನಡೆಯುತ್ತದೆ. ನಾನು ಇಲ್ಲಿ ನಿಮಗೆ ಅರ್ಥವಾಗಲಿ ಅಂತ ಹಳೇ ಹೆಸರು ಬಳಸುತ್ತಿದ್ದೇನೆ.

ಮಾರ್ಮನ್ನರೆಂದರೆ ಬಿಳಿಯರು ಎಂಬ ಚಿತ್ರವನ್ನು ಬರೀ ಹೊರಗಿನವರು ಬಿಡಿಸಿದರು ಅಂದರೆ ನಾನು ಸುಳ್ಳು ಹೇಳಿದಂತೆ. 1978ರ ಜೂನ್‌ವರೆಗೆ ಕಪ್ಪು ಗಂಡಸರಿಗೆ ಇಲ್ಲಿ ಪೌರೋಹಿತ್ಯ ಇರಲಿಲ್ಲ. ನನ್ನ ವಯಸ್ಸಿನವರಿಗೆ ಅದು ಚರಿತ್ರೆಯೂ ಅಲ್ಲ, ಅಪ್ಪ ಅಮ್ಮನ ಕಾಲದ ಮಾತು. ಚರ್ಚಿನ ಮೇಲಿನ ಹಂತದ ನಾಯಕರಾದ 12 ಅಪೋಸ್ತಲರ ಸಾಲಿನಲ್ಲಿ ಏಷ್ಯಾ ಮೂಲದವರು, ಲ್ಯಾಟಿನ್ ಅಮೆರಿಕದವರು ಮೊದಲ ಸಲ ಕೂತಿದ್ದು 2018ರಲ್ಲಿ: ಚೀನೀ ಮೂಲದ ಗೆರಿಟ್ ಗಾಂಗ್, ಬ್ರೆಜಿಲ್‌ನ ಉಲಿಸೆಸ್ ಸೊವಾರೆಸ್. ಆದರೆ ಕೆಳಗಿನ ಬೆಂಚುಗಳು ಯಾವತ್ತೋ ಬದಲಾಗಿದ್ದವು. ಚರ್ಚಿನ ಲೆಕ್ಕದಲ್ಲಿ ಸದಸ್ಯರು 1 ಕೋಟಿ 70 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗೆ. ಬೆಂಗಳೂರಿನಲ್ಲೂ ಒಂದು ಟೆಂಪಲ್ ಅಂತ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಹಾಕಿದರು. ಕಳೆದ ಸಲ ರಜಕ್ಕೆ ಬಂದಾಗ ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ಅದೇ ಕಪ್ಪು ಹೆಸರುಪಟ್ಟಿ ಕಂಡಿತು. ಇಬ್ಬರು ಹುಡುಗರು, ಪಟಪಟ ತೆಲುಗಿನಲ್ಲಿ ಜಗಳ ಆಡುತ್ತಿದ್ದರು.

ನೀವು ಎದ್ದು ಕಾಣುತ್ತೀರಾ ಅಂದರೆ, ಕಾಣುತ್ತೀರಿ. ಆದರೆ ಹೆದರುವಂಥದ್ದಲ್ಲ. ಲೀಹೈ ಕಡೆ ಈಗ ನಮ್ಮವರು ಬೇಕಾದಷ್ಟಿದ್ದಾರೆ. ಸೌತ್ ಜೋರ್ಡನ್ ಎಂಬ ಊರಿನಲ್ಲಿ ಗಣೇಶನ ಗುಡಿ ಇದೆ. ಸ್ಪ್ಯಾನಿಶ್ ಫೋರ್ಕ್‌ನಲ್ಲಿ ಕೃಷ್ಣನ ಗುಡಿ ಇದೆ, ಅಲ್ಲಿ ಹೋಳಿ ಹಬ್ಬಕ್ಕೆ ಬಣ್ಣ ಎರಚಲು ಬರುವವರಲ್ಲಿ ಬಹುಪಾಲು ಈ ಹೊಂಗೂದಲಿನ ಕಾಲೇಜು ಹುಡುಗ ಹುಡುಗಿಯರೇ. ಸಾಲ್ಟ್ ಲೇಕ್ ಕೌಂಟಿಯಲ್ಲಂತೂ ಮಾರ್ಮನ್ನರು ಈಗ ಅರ್ಧಕ್ಕಿಂತ ಕಡಿಮೆ. ಎಲ್ಲಿಂದ ಬಂದಿರಿ ಅಂತ ಕೇಳುತ್ತಾರೆ, ಬ್ರೆಡ್ಡು ಬೇಯಿಸಿ ತರುತ್ತಾರೆ, ಚರ್ಚಿಗೆ ಕರೆಯುತ್ತಾರೆ, ಬೇಡ ಅಂದರೆ ಮುಂದಿನ ವಾರ ಮತ್ತೆ ಬ್ರೆಡ್ಡು ತರುತ್ತಾರೆ.

ನಮ್ಮ ಬೀದಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಮೊಣಕಾಲುದ್ದ ಹಿಮ ಬಿದ್ದಿತ್ತು. ಬೆಳಿಗ್ಗೆ ಏಳಕ್ಕೆ ಕಿಟಕಿಯಿಂದ ನೋಡಿದರೆ ಆನೆಯಂಥ ಒಬ್ಬ ಆಳು ನಮ್ಮ ಮನೆ ಮುಂದಿನ ಹಿಮ ಗೋರುತ್ತಿದ್ದಾನೆ. ಕಪ್ಪಗೆ ಮಿಂಚುವ ಗುಂಗುರು ಕೂದಲು, ಬಿಳಿ ಶರ್ಟು, ಟೈ. ಕೆಳಗೆ ಪ್ಯಾಂಟಿಲ್ಲ! ಕಪ್ಪು ಪಂಚೆ, ಅದರ ಮೇಲೆ ಸೊಂಟಕ್ಕೆ ಹೆಣೆದ ಚಾಪೆಯ ತುಂಡು ಸುತ್ತಿ ಹಗ್ಗ ಕಟ್ಟಿದ್ದ. ನಾನು ಕುಂದಾಪುರದವನು, ಪಂಚೆ ನನಗೆ ಹೊಸದಲ್ಲ, ಆದರೆ ಹಿಮದಲ್ಲಿ ಪಂಚೆ ನೋಡಿದ್ದು ಅದೇ ಮೊದಲು. ಹೊರಗೆ ಹೋಗಿ ಮಾತಾಡಿಸಿದೆ. ಟೋಂಗಾ ದ್ವೀಪದವರು. ಪಂಚೆಗೆ ಟುಪೆನು ಅಂತಾರೆ, ಚಾಪೆಗೆ ತಾಓವಾಲಾ. ಚರ್ಚಿಗೆ ಹೊರಟಿದ್ದರು. ಅವರು ಆ ಚರ್ಚಿನ ಬಿಷಪ್ಪೇ, ಅಂದರೆ ಅಲ್ಲಿನ ಮುಖ್ಯಸ್ಥರು. ಟೋಂಗಾದಲ್ಲಿ ಎಷ್ಟೋ ಜನ ಮಾರ್ಮನ್ನರು, ಇಲ್ಲೂ ಅವರ ದೊಡ್ಡ ಸಮುದಾಯ ಇದೆ. ನಾನು ಅವರನ್ನು ದೂರದಿಂದ ನೋಡಿ ಯಾವುದೋ ಫುಟ್‌ಬಾಲ್ ಕೋಚ್ ಅಂದುಕೊಂಡಿದ್ದೆ.

ಅವರೂ ನನ್ನ ಬಗ್ಗೆ ಸುಮ್ನಿರಲಿಲ್ಲ ಅನ್ನಿ. ಇಂಡಿಯನ್ ಅಂದರೆ ಸಸ್ಯಾಹಾರಿ ಅಂದುಕೊಂಡು ಮೂರು ವರ್ಷ ಪ್ರತಿ ಹಬ್ಬಕ್ಕೂ ನನಗೆ ಅಂತ ಬೇರೆಯಾಗಿ ಬೀನ್ಸ್ ಬೇಯಿಸಿ ತಂದರು. ಆ ಕಡೆ ಅವರ ಹಿತ್ತಲಿನಲ್ಲಿ ಇಡೀ ಹಂದಿ ಸುಡುವ ವಾಸನೆ, ಈ ಕಡೆ ಕುಂದಾಪುರದವನ ತಟ್ಟೆಯಲ್ಲಿ ಬೀನ್ಸ್. ಮರ್ಯಾದೆಗೆ ತಿಂದೆ. ನಾಲ್ಕನೇ ವರ್ಷ ನಾನೇ ಕೋಳಿ ಸುಕ್ಕ ಮಾಡಿ ತಗೊಂಡು ಹೋದೆ. ಡಬ್ಬಿ ಮುಚ್ಚಳ ತೆಗೆದು, ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, ಹೆಂಡತಿಯನ್ನು ಕೂಗಿ ಕರೆದರು.

ನೀವು ಬಂದ ಮೇಲೆ ಒಂದು ಶನಿವಾರ ಮನೆಗೆ ಬನ್ನಿ, ಅವರನ್ನೂ ಕರೆಯುತ್ತೇನೆ. ಬರುವಾಗ ಅರ್ಧ ಕೆಜಿ ಕಾಫಿಪುಡಿ ಹಿಡಿದುಕೊಂಡು ಬನ್ನಿ, ಚಿಕೋರಿ ಕಡಿಮೆ ಇರಲಿ. ಆ ಮಿನೆಸೋಟದವರು ಇನ್ನೂ ನನ್ನ ಬಲಗಡೆಯೇ ಕೂರುತ್ತಾರೆ.